ಬರೆಯದೆ ಬಿಟ್ಟ ಅನುಮತಿ

"ಇದನ್ನ ಯಾರು ಬೇಕಾದ್ರೂ ಬಳಸ್ಲಿ. ಮೊದಲು ನಿನ್ನ ಶಾಲೆ ಮಕ್ಕಳು!" ಆರು ವರ್ಷದ ಹಿಂದೆ ಅವಳು ಅವನಿಗೆ ಕೊಟ್ಟ ಭಾಷೆ ಅದು.

ಚಿತ್ರ ಮುಟ್ಟಿದರೆ ಮಾತಾಡುವ ತಂತ್ರಾಂಶ. ಬರೆದವಳು ಅವಳು. ಅವನು ಮಾತು ಬಾರದ ಮಕ್ಕಳ ಮೇಷ್ಟ್ರು. ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಳು. ಬಳಸಲು ಅನುಮತಿ ಕೊಡುವ ಲೈಸೆನ್ಸ್ ಪುಟವನ್ನು ಮಾತ್ರ ನಾಳೆ ಹಾಕಿದರಾಯಿತು ಎಂದು ಬಿಟ್ಟಳು. ಅದಿಲ್ಲದೆ ಯಾರೂ ಅದನ್ನು ಬಳಸುವಂತಿರಲಿಲ್ಲ.

ಆ ನಾಳೆ ಬರಲೇ ಇಲ್ಲ.

ಹೋದ ತಿಂಗಳು ಯಾವುದೋ ಶಾಲೆಯ ಪುಟದಲ್ಲಿ ಅದೇ ತಂತ್ರಾಂಶ ಕಂಡಿತು. ತನ್ನ ಹೆಸರು ಎಲ್ಲೂ ಕಾಣದೆ ಮೈಯೆಲ್ಲ ಉರಿದು, "ಇದು ಕದ್ದ ಮಾಲು" ಎಂದು ಎಲ್ಲರೂ ಓದುವಂತೆ ಬರೆದಳು. ಇಂದು ಕಳ್ಳನನ್ನು ಮುಖಾಮುಖಿ ಕೇಳಲು ಆ ಶಾಲೆಗೇ ಬಂದಿದ್ದಳು.

ತರಗತಿಯ ಬಾಗಿಲು ತೆರೆಯಿತು.

"ಕಳ್ಳ ನಾನೇ. ಬಾ, ಕೂತ್ಕೋ."

ಅವನು! ಅವಳು ಬಾಗಿಲಲ್ಲೇ ನಿಂತಳು.

"ನೀನು ಅಂತ ಗೊತ್ತಿರ್ಲಿಲ್ಲ ಕಣೋ... ನೀನು ಶಾಲೆ ಬದಲಿಸಿದ್ದೂ ಗೊತ್ತಿರ್ಲಿಲ್ಲ. ನನ್ನ ಹೆಸರೂ ಇರ್ಲಿಲ್ವಲ್ಲ!"

"ತಂತ್ರಾಂಶದ ಕೊನೇ ಪುಟ ನೋಡಿದ್ಯಾ?"

ನೋಡಿರಲಿಲ್ಲ. ಅವನು ತನ್ನ ಫೋನಲ್ಲಿ ತೋರಿಸಿದ. ಅಲ್ಲಿ ದೊಡ್ಡಕ್ಷರದಲ್ಲಿ ಅವಳ ಹೆಸರಿತ್ತು.

"ನೀನು ಬರೆದದ್ದು ನೋಡಿ ಆಡಳಿತದವರು ಎಲ್ಲಾ ಟ್ಯಾಬ್‌ನಿಂದ ತೆಗೆಸಿದ್ರು. ಅನುಮತಿ ಪತ್ರ ಎಲ್ಲಿ ಅಂದ್ರು. ಅವಳು ಬಾಯಲ್ಲಿ ಹೇಳಿದಾಳೆ ಅಂದೆ. ನಕ್ಕರು."

ಕಿಟಕಿಯ ಬಳಿ ಒಬ್ಬಳು ಪುಟಾಣಿ ಖಾಲಿ ಪರದೆಯನ್ನು ಒತ್ತಿ ಒತ್ತಿ, ಕೊನೆಗೆ ನೀರಿನ ಬಾಟಲಿಯತ್ತ ಕೈ ಚಾಚಿ ಅತ್ತಳು.

ಅದನ್ನು ಕಂಡು ಅವಳಿಗೆ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎನಿಸಿತು. ಛೀ... ಎಂಥವಳು ನಾನು!

ಅವಳು ಲ್ಯಾಪ್‌ಟಾಪ್ ತೆರೆದಳು. ಮೊದಲು ಆ ಆರೋಪ ಅಳಿಸಿ, ಅದೇ ಜಾಗದಲ್ಲಿ "ತಪ್ಪು ನನ್ನದು, ಮೇಷ್ಟ್ರದ್ದಲ್ಲ" ಎಂದು ಬರೆದಳು.

"ಲೈಸೆನ್ಸ್ ಎರಡು ಥರ ಇದೆ. ಒಂದು, ನನ್ನ ಹೆಸರು ಉಳಿಸಿ ಏನು ಬೇಕಾದ್ರೂ ಮಾಡ್ಕೊಳ್ಳಿ ಅನ್ನೋದು. ಇನ್ನೊಂದು, ತಿದ್ದಿ ಹಂಚೋರು ತಾವು ತಿದ್ದಿದ್ದನ್ನೂ ಎಲ್ಲರಿಗೂ ಬಿಟ್ಟುಕೊಡ್ಬೇಕು ಅನ್ನೋದು. ನೀನೇ ಹೇಳು."

"ಎರಡನೇದು. ಇನ್ಯಾರೂ ಬೀಗ ಹಾಕ್ಕೊಂಡು ಕೂರೋದು ಬೇಡ."

"ನನ್ನ ಥರ ಅಂತ ಸೇರಿಸ್ಬಿಡು, ಪರವಾಗಿಲ್ಲ!"

ಅವನು ನಕ್ಕ. ಅವಳಿಗೆ ಅಳು ಬಂತು.

"ಆರು ವರ್ಷ... ಒಂದು ಫೋನಾದ್ರೂ ಮಾಡ್ಬಾರ್ದಿತ್ತಾ?"

"ಆವತ್ತು ನೀನು ಇಷ್ಟ ಅಂತ ನಾನು ಹೇಳಿದಾಗ ನೀನೇನಂದೆ? ನಾಳೆ ಹೇಳ್ತೀನಿ ಅಂದೆ. ಕಾಯ್ತಾ ಇದ್ದೆ, ಮಾರಾಯ್ತಿ."

ಅವಳು ತಲೆ ಎತ್ತಲಾರದೆ ಅಂದಳು, "ಇಷ್ಟ ಕಣೋ. ಆವಾಗ್ಲೂ ಇತ್ತು... ಹೇಳೋಕೆ ಹೆದರಿದ್ದೆ."

ಅವನು ಅವಳ ಒದ್ದೆ ಕೆನ್ನೆ ಒರೆಸಿದ. "ಸರಿ, ಮೊದಲು ಆ ಲೈಸೆನ್ಸ್ ಹಾಕು."

ಅವಳು ಲೈಸೆನ್ಸ್ ಪುಟ ಸೇರಿಸಿದಳು. ಕೊಟ್ಟ ಮಾತು ಆರು ವರ್ಷ ತಡವಾಗಿ ನಡೆಯಿತು.