ಅಂಚೆ ಕಚೇರಿಯೊಳಗೆ ಹಾವು

“ಹಗ್ಗ ದಾಟ್ಬೇಡಿ! ಅಂಕಲ್, ಹಗ್ಗ ದಾಟ್ಬೇಡಿ!”

ಹೆಲ್ಮೆಟ್ ಹಾಕಿದ್ದ ಅಂಕಲ್ ಆಗಲೇ ಒಂದು ಕಾಲು ಎತ್ತಿದ್ದರು. ಬುಗುರಿ ಓಡಿಹೋಗಿ ಎರಡೂ ಕೈ ಅಗಲಿಸಿ ಅಡ್ಡ ನಿಂತಳು.

“ಬಾಗಿಲು ತೆಗೆದಿದೆಯಲ್ಲಮ್ಮ?”

“ವಾಸನೆ ಹೋಗ್ಲಿ ಅಂತ ತೆಗೆದಿರೋದು. ಇವತ್ತು ಭಾನುವಾರ, ಪೋಸ್ಟ್ ಆಫೀಸಿಗೆ ರಜ. ನೆಲಕ್ಕೆ ಸೀಲರ್ ಹಚ್ಚಿದೀವಿ, ಇನ್ನೂ ಒಣಗಿಲ್ಲ.”

ಅಂಕಲ್ ಗೊಣಗುತ್ತಾ ಹೋದರು. ಬುಗುರಿ ಮೆಟ್ಟಿಲ ಮೇಲೆ ಕುಕ್ಕರಿಸಿದಳು. ಇವರು ಹದಿನಾಲ್ಕನೆಯವರು! ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು.

ಬುಗುರಿ ಐದನೇ ಕ್ಲಾಸು. ಆ ಹೆಸರಿಟ್ಟವಳು ಚಿಕ್ಕಮ್ಮ. ಜನ ಓಡಾಡಿ ಓಡಾಡಿ ಸವೆಯುವ ಕಲ್ಲಿನ ನೆಲಗಳನ್ನು ಜೋಪಾನ ಮಾಡುವುದೇ ಚಿಕ್ಕಮ್ಮನ ಕೆಲಸ. ಬ್ಯಾಂಕು, ಆಸ್ಪತ್ರೆ, ಆಫೀಸು, ಎಲ್ಲ ಕಡೆಯಿಂದಲೂ ಅವಳಿಗೆ ಕರೆ ಬರುತ್ತದೆ.

“ಕಲ್ಲು ಅಂದ್ರೆ ಗಟ್ಟಿ ಅಂದ್ಕೊಂಡಿದೀಯಾ?” ಅಂತ ಅವಳು ಬೆಳಿಗ್ಗೆ ಕೇಳಿದ್ದಳು. “ಅದರ ಮೈ ತುಂಬಾ ಕಣ್ಣಿಗೆ ಕಾಣದ ತೂತು. ಟೀ ಚೆಲ್ಲಿದ್ರೆ ಟೀ ಕುಡಿಯುತ್ತೆ, ಇಂಕು ಚೆಲ್ಲಿದ್ರೆ ಇಂಕು ಕುಡಿಯುತ್ತೆ. ಆಮೇಲೆ ಎಷ್ಟು ತಿಕ್ಕಿದ್ರೂ ಕಲೆ ಹೋಗಲ್ಲ. ಅದಕ್ಕೇ ನಾವು ಮೊದಲೇ ಹೊಟ್ಟೆ ತುಂಬಾ ಸೀಲರ್ ಕುಡಿಸಿಬಿಡ್ತೀವಿ.”

ದೊಡ್ಡ ಹಾಲಿನ ಬೂದು ಕಲ್ಲುಗಳಿಗೆಲ್ಲ ಹಚ್ಚಿ ಮುಗಿಸಿ, ಬಾಗಿಲಿಗೆ ಹಗ್ಗ ಕಟ್ಟಿ, ಚಿಕ್ಕಮ್ಮ ಒಳಕೋಣೆಯ ನೆಲಕ್ಕೂ ಹಚ್ಚಲು ಹಿಂದಿನ ಬಾಗಿಲಿನಿಂದ ಹೋಗಿದ್ದಳು. “ಒಂದು ನೊಣಾನೂ ಕಾಲಿಡಬಾರದು. ಇಲ್ಲಿ ನೀನೇ ಇನ್‌ಚಾರ್ಜ್!”

ಆಗ ಬುಗುರಿಗೆ ಎದೆ ಉಬ್ಬಿತ್ತು. ಈಗ ಸಾಕಪ್ಪಾ ಸಾಕು ಅನಿಸಿತ್ತು.

ಹದಿನೈದನೆಯವರು ಪಾರ್ಸೆಲ್ ಹಿಡಿದ ಆಂಟಿ. “ನಾನು ತುದಿಗಾಲಲ್ಲಿ ಹೋಗಿಬರ್ತೀನಿ ಪುಟ್ಟಿ, ಒಂದೇ ನಿಮಿಷ” ಅಂತ ಹಗ್ಗದ ಕೆಳಗೆ ಬಗ್ಗಿಯೇಬಿಟ್ಟರು.

“ಆಂಟಿ, ಒಳಗೆ ಹಾವಿದೆ!”

ಬಾಯಿಂದ ಹೇಗೆ ಬಂತೋ ಬುಗುರಿಗೇ ಗೊತ್ತಾಗಲಿಲ್ಲ. ಆಂಟಿ ಪಾರ್ಸೆಲ್ ಅವಚಿಕೊಂಡು, ಹಿಂತಿರುಗಿ ನೋಡದೆ ಗೇಟು ದಾಟಿದರು.

ಅರೆ, ಎಷ್ಟು ಸುಲಭ!

ಮುಂದೆ ಬಂದವರಿಗೆ ಬುಗುರಿ ಹಾವಿನ ಉದ್ದವನ್ನೂ ಹೇಳಿದಳು. ಅವರಾದ ಮೇಲೆ ಬಂದವರು ಬ್ಯಾಟು ಹಿಡಿದ ಇಬ್ಬರು ಹುಡುಗರು. ಅಷ್ಟರಲ್ಲಿ ಹಾವಿಗೆ ಹೆಡೆಯೂ ಬಂದಿತ್ತು, ಬುಸ್ ಅನ್ನುತ್ತಲೂ ಇತ್ತು.

ಆದರೆ ಹುಡುಗರು ಓಡಲಿಲ್ಲ. “ಲೋ, ಹಾವಂತೆ! ಬನ್ರೋ!” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

ನೋಡನೋಡುತ್ತಿದ್ದಂತೆ ಬಾಗಿಲಲ್ಲಿ ಹದಿನೈದು ಇಪ್ಪತ್ತು ಜನ. “ಎಲ್ಲಿ? ಎಲ್ಲಿ?” ಕೆಲವರು ಮೊಬೈಲ್ ಎತ್ತಿ ಹಿಡಿದರು. ಹಗ್ಗ ಬಿಲ್ಲಿನ ಹಾಗೆ ಬಾಗಿತು.

ಎದುರಿನ ಅಂಗಡಿಗೆ ಟೀ ಕುಡಿಯಲು ಹೋಗಿದ್ದ ಪೋಸ್ಟ್ ಆಫೀಸಿನ ವಾಚ್‌ಮನ್ ಮಾಮ ಕೋಲು ಹಿಡಿದು ಏದುಸಿರು ಬಿಡುತ್ತಾ ಓಡಿಬಂದರು.

“ಹಾವಾ? ನಿಮ್ಮ ಚಿಕ್ಕಮ್ಮ ಎಲ್ಲಿ?”

“ಒಳಗೇ ಇದಾಳೆ. ಆದ್ರೆ ಮಾಮ...”

ಮಾಮ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಒಂದೇ ನೆಗೆತಕ್ಕೆ ಹಗ್ಗ ದಾಟಿದರು. ಚಪ್, ಚಪ್, ಚಪ್. ಮಿರಮಿರ ಅನ್ನುತ್ತಿದ್ದ ಕಲ್ಲಿನ ಮೇಲೆ ಶೂ ಗುರುತು ಸಾಲಾಗಿ ಮೂಡಿತು.

“ಮಾಮಾ! ಹಾವಿಲ್ಲ! ನಾನು ಸುಳ್ಳು ಹೇಳ್ದೆ!”

ಮಾಮ ಹಾಲಿನ ನಟ್ಟನಡುವೆ ನಿಂತುಬಿಟ್ಟರು. ಒಂದು ಕಾಲು ಗಾಳಿಯಲ್ಲಿ, ಕೋಲು ತಲೆಯ ಮೇಲೆ.

ಗಲಾಟೆ ಕೇಳಿ ಚಿಕ್ಕಮ್ಮ ಮುಖದ ಮಾಸ್ಕ್ ಇಳಿಸುತ್ತಾ ಬಂದಳು. “ಅಯ್ಯಯ್ಯೋ, ಅಲ್ಲೇ ನಿಲ್ಲಿ! ಕದಲ್ಬೇಡಿ!”

“ಒಂಟಿ ಕಾಲಲ್ಲೇನಮ್ಮಾ?”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬುಗುರಿಗೆ ಮಾತ್ರ ನಗು ಬರಲಿಲ್ಲ. ಹಾವಿಲ್ಲ ಅಂತ ಗೊತ್ತಾದ ಮೇಲೆ ಒಬ್ಬೊಬ್ಬರೇ ಕರಗಿದರು.

ಚಿಕ್ಕಮ್ಮ ಹಳೇ ಬಟ್ಟೆ ಹಾಸಿ ಮಾಮನನ್ನು ಹೊರಗೆ ಕಳಿಸಿದಳು. ಆಮೇಲೆ ಮಂಡಿಯೂರಿ, ಒಂದೊಂದು ಹೆಜ್ಜೆಯ ಮೇಲೂ ಮತ್ತೆ ಸೀಲರ್ ಹಚ್ಚಿ ಒರೆಸತೊಡಗಿದಳು. “ಹಸಿ ಇರುವಾಗಲೇ ಕಂಡಿದ್ದು ಪುಣ್ಯ. ಒಣಗಿದ್ದಿದ್ರೆ ದಿನವೆಲ್ಲಾ ಉಜ್ಜಬೇಕಿತ್ತು.” ಬುಗುರಿಯನ್ನು ಒಮ್ಮೆ ನೋಡಿ, ಮುಂದಿನ ಹೆಜ್ಜೆಗುರುತಿಗೆ ಸರಿದಳು. ಬೈದಿದ್ದರೇ ಚೆನ್ನಾಗಿತ್ತು.

ಬುಗುರಿ ಒಂದು ಬಟ್ಟೆ ತಂದು ಮೆಟ್ಟಿಲ ಮೇಲೆ ಕೂತು ಮಾಮನ ಶೂ ಒರೆಸಿದಳು. ಅಟ್ಟೆಯೆಲ್ಲಾ ಅಂಟಂಟು. ಪಕ್ಕದಲ್ಲಿ ಮಾಮ ಬರಿಗಾಲಲ್ಲಿ ಕೂತು ನೀರು ಕುಡಿಯುತ್ತಿದ್ದರು. ಕುಡಿದದ್ದಕ್ಕಿಂತ ಅಂಗಿಯ ಮೇಲೆ ಚೆಲ್ಲಿದ್ದೇ ಹೆಚ್ಚು.

“ಮಾಮ, ನಿಮ್ಮ ಕೈ ಯಾಕೆ ನಡುಗ್ತಿದೆ? ಹಾವೇ ಇರ್ಲಿಲ್ವಲ್ಲ.”

“ನಂಗೇನು ಗೊತ್ತಿತ್ತು? ಹಾವು ಅಂದ್ರೆ ಚಿಕ್ಕಂದಿನಿಂದ ನಂಗೆ ಜೀವ ಬಾಯಿಗೆ ಬರುತ್ತೆ. ಟೀವೀಲಿ ಬಂದ್ರೂ ಚಾನೆಲ್ ಬದಲಾಯಿಸ್ತೀನಿ.”

“ಮತ್ತೆ ಯಾಕೆ ಒಳಗೆ ಹೋದ್ರಿ?”

ಮಾಮ ಅವಳನ್ನೇ ನೋಡಿದರು. ಇದೆಂಥ ಪ್ರಶ್ನೆ ಅನ್ನುವ ಹಾಗೆ.

“ನಿಮ್ಮ ಚಿಕ್ಕಮ್ಮ ಒಳಗಿದ್ರಲ್ಲ ಪುಟ್ಟಿ.”

‘ಸಾರಿ’ ಅನ್ನೋಣ ಅಂತ ಬುಗುರಿ ಬಾಯಿ ತೆರೆದಳು. ಆ ಮಾತು ಯಾಕೋ ತೀರಾ ಪುಟ್ಟದು ಅನಿಸಿತು. ಶೂ ಕೆಳಗಿಟ್ಟು, ಕೈ ಒರೆಸಿಕೊಂಡು, ಮಾಮನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ನಡುಕ ಅವಳ ಬೆರಳಿಗೂ ತಾಗಿತು. ಮಾಮ ಕೊನೆಯ ಗುಟುಕು ಕುಡಿಯುವವರೆಗೂ ಅವಳು ಲೋಟ ಬಿಡಲಿಲ್ಲ.