ಎಂಟು ಗಂಟೆಗೆ ಕಾಲು ಸುತ್ತು

“ಇಪ್ಪತ್ತನಾಲ್ಕು ಅಲ್ಲ ಸರ್, ಮೂವತ್ತೆರಡು!”

ಐಸಾತಾ ಕೂಗಿದ ಜೋರಿಗೆ, ಮೆಟ್ಟಿಲ ಮೇಲೆ ಕೂತಿದ್ದ ಇಡೀ ಐದನೇ ಕ್ಲಾಸು ಅವಳ ಕಡೆ ತಿರುಗಿತು.

ಪ್ಯಾರಿಸ್ಸಿನ ಆ ಹಳೇ ಸ್ಕೂಲಿನ ನಾಲ್ಕನೇ ಮಹಡಿಯ ಚಾವಣಿಯಿಂದ, ಮೆಟ್ಟಿಲುಗಳ ನಡುವಿನ ಖಾಲಿ ಜಾಗದಲ್ಲಿ ಕೆಳಗಿನವರೆಗೂ ಒಂದು ತಂತಿ ಇಳಿಬಿಟ್ಟಿದ್ದರು. ಅದರ ತುದಿಗೆ ಕಬ್ಬಿಣದ ಗುಂಡು, ಗುಂಡಿನ ಅಡಿಗೆ ಒಂದು ಮೊಳೆ. ಅದೇ ಲೋಲಕ. ಬ್ರಿಸೋ ಮೇಷ್ಟ್ರು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅದರಿಂದ ಹತ್ತು ಡಿಗ್ರಿ ಆಚೆಗೆ ಕೆಂಪು ಬಣ್ಣದ ಮರದ ತುಂಡೊಂದನ್ನು ನಿಲ್ಲಿಸಿದ್ದರು.

“ಗುಂಡು ಒಂದೇ ದಿಕ್ಕಲ್ಲಿ ತೂಗುತ್ತೆ. ಕೆಳಗೆ ಭೂಮಿ ತಿರುಗುತ್ತೆ. ಅದಕ್ಕೇ ಗುಂಡಿನ ದಾರಿ ತಿರುಗಿದ ಹಾಗೆ ಕಾಣ್ಸುತ್ತೆ. ಭೂಮಿ ಒಂದು ಸುತ್ತು ಬರೋಕೆ ಇಪ್ಪತ್ತನಾಲ್ಕು ಗಂಟೆ. ಹಾಗಾದ್ರೆ ಗುಂಡು ಆ ಕೆಂಪು ತುಂಡನ್ನ ಬೀಳಿಸೋದು ಯಾವಾಗ?” ಎಂದು ಅವರು ಕೇಳಿದ್ದರು.

“ನಲವತ್ತು ನಿಮಿಷಕ್ಕೆ!” ಎಂದಿದ್ದ ತಿಬೋ. ಕ್ಲಾಸಿಗೇ ಫಸ್ಟ್ ಬರುವ ಹುಡುಗ ಅವನು. ಐಸಾತಾ ಕೂಗಿದ್ದು ಆಗಲೇ.

“ಮೂವತ್ತೆರಡು ಗಂಟೆ ಅಂತ ಯಾರು ಹೇಳಿದ್ದು?”

“ನಮ್ಮಮ್ಮ, ಸರ್. ಜನ ನೋಡೋಕೆ ಬರೋ ಆ ಹಳೇ ಕಟ್ಟಡದಲ್ಲಿ, ದೊಡ್ಡ ಗುಮ್ಮಟದ ಕೆಳಗೆ ಲೋಲಕ ಇದೆಯಲ್ಲ, ಅಮ್ಮ ಅಲ್ಲಿ ಗಾರ್ಡು. ದಿನಾ ಬೆಳಿಗ್ಗೆ ಹತ್ತಕ್ಕೆ ಗುಂಡನ್ನ ಅಮ್ಮ ನಿಲ್ಲೋ ಕಂಬದ ಕಡೆಯಿಂದ ಹೊಸದಾಗಿ ಬಿಡ್ತಾರೆ. ಸಂಜೆ ಆರಕ್ಕೆ, ಅಮ್ಮನ ಡ್ಯೂಟಿ ಮುಗಿಯೋ ಹೊತ್ತಿಗೆ, ಅದು ಪಕ್ಕದ ಬಾಗಿಲ ಕಡೆಗೆ ಬಂದಿರುತ್ತೆ. ಎಂಟು ಗಂಟೆಗೆ ಕಾಲು ಸುತ್ತು. ಬುಧವಾರ ರಜಾ ಇದ್ದಾಗೆಲ್ಲ ನಾನೂ ನೋಡಿದೀನಿ. ಈ ತುಂಡು ಬೀಳೋಕೆ ಐವತ್ತಮೂರು ನಿಮಿಷ ಬೇಕು.”

“ಗಾರ್ಡಮ್ಮನ ಲೆಕ್ಕ ಕಣ್ರೋ!” ಎಂದ ತಿಬೋ. “ಕುರ್ಚೀಲಿ ತೂಕಡಿಸ್ತಾ ಕಂಡ್ಹಿಡಿದಿದ್ದಾ?”

ಎಲ್ಲರೂ ಗೊಳ್ಳೆಂದು ನಕ್ಕರು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. “ಕಾವಲು ನಿಮ್ಮಮ್ಮ ನೋಡ್ಕೊಳ್ಳಲಿ ಪುಟ್ಟಿ, ಲೆಕ್ಕ ನಾವು ನೋಡ್ಕೊಳ್ಳೋಣ” ಎಂದರು.

ಐಸಾತಾಗೆ ಮೈಯೆಲ್ಲ ಉರಿದುಹೋಯಿತು. ಕುರ್ಚಿಯಂತೆ ಕುರ್ಚಿ! ಅಮ್ಮನಿಗೆ ಅಲ್ಲಿ ಕುರ್ಚಿಯೇ ಇಲ್ಲ. ದಿನಾ ಸಂಜೆ ಅವಳು ಮನೆಗೆ ಬಂದವಳೇ ಬಿಸಿನೀರಲ್ಲಿ ಕಾಲಿಟ್ಟು ಕೂರುವುದು ಇವರಿಗೇನು ಗೊತ್ತು? ತಿಬೋ ನಗಲಿ, ಅವನ ಬುದ್ಧಿಯೇ ಅಷ್ಟು. ಮೇಷ್ಟ್ರು ನಗಬಹುದೆ?

ಕೈಯಿಂದ ಬಿಟ್ಟರೆ ಗುಂಡು ಅಡ್ಡಾದಿಡ್ಡಿ ಹೋಗುತ್ತದೆಂದು ಅದನ್ನು ದಾರದಿಂದ ಗೋಡೆಗೆ ಎಳೆದು ಕಟ್ಟಿದ್ದರು. ಮೇಷ್ಟ್ರು ಮೇಣದಬತ್ತಿ ಹಚ್ಚಿ ದಾರವನ್ನು ಸುಟ್ಟರು. ಗುಂಡು ಮೆಲ್ಲಗೆ ಹೊರಟಿತು. ಆಗ ಗಂಟೆ ಒಂಬತ್ತೂ ಐವತ್ತು.

ಹತ್ತೂವರೆಗೆ ಎಲ್ಲರೂ “ಬೀಳು! ಬೀಳು!” ಎಂದು ಕಿರುಚಿದರು. ಮೊಳೆ ಕೆಂಪು ತುಂಡಿಗಿಂತ ಎರಡು ಬೆರಳು ಈಚೆಗೇ ಹಾದುಹೋಯಿತು.

“ನೆಲ ಸೊಟ್ಟಗಿದೆ ಸರ್” ಎಂದ ತಿಬೋ. ಅಷ್ಟರಲ್ಲಿ ಆಟದ ಬೆಲ್ಲು ಹೊಡೆಯಿತು. ಎಲ್ಲರೂ ಅಂಗಳಕ್ಕೆ ಓಡಿದರು.

“ನೀನೂ ಹೋಗು” ಎಂದರು ಮೇಷ್ಟ್ರು.

“ಹೋಗಲ್ಲ ಸರ್. ಯಾರೂ ಇಲ್ದಾಗ ಬಿದ್ರೆ ನಾನೇ ಒದ್ದೆ ಅಂತಾರೆ. ನೀವೂ ಇಲ್ಲೇ ಇರಿ.” ಐಸಾತಾ ಕೆಂಪು ತುಂಡು ಕಾಣುವ ಹಾಗೆ ಬಂದು ನಿಂತಳು. ಅಲ್ಲಿಂದ ಕದಲಲಿಲ್ಲ.

ಮೇಷ್ಟ್ರು ಕಾಫಿಯ ಆಸೆ ಬಿಟ್ಟು ನಿಂತರು. ಐದು ನಿಮಿಷವಾದ ಮೇಲೆ ಗೋಡೆಗೆ ಒರಗಿದರು. ಇನ್ನೈದು ನಿಮಿಷಕ್ಕೆ ಮಂಡಿ ಉಜ್ಜಿಕೊಳ್ಳುತ್ತ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಐಸಾತಾ ಮಾತ್ರ ಕೂರಲಿಲ್ಲ.

ಹತ್ತೂ ನಲವತ್ತಮೂರು. ಟಕ್! ಕೆಂಪು ತುಂಡು ಉರುಳಿತು.

ಮೇಷ್ಟ್ರು ವಾಚು ನೋಡಿದರು, ತುಂಡನ್ನು ನೋಡಿದರು, ಹಣೆ ಚಚ್ಚಿಕೊಂಡರು. “ಇಪ್ಪತ್ತನಾಲ್ಕು ಗಂಟೆ ಸಾಕಾಗೋದು ಉತ್ತರ ಧ್ರುವದಲ್ಲಿ ಕಣೇ! ಅಲ್ಲಿಂದ ಕೆಳಗೆ ಬಂದಷ್ಟೂ ಇದು ನಿಧಾನ. ಪ್ಯಾರಿಸ್ ಏನು ಧ್ರುವದಲ್ಲಿದೆಯಾ? ಮರೆತೇಬಿಟ್ಟಿದ್ದೆ.” ಆಮೇಲೆ ಮೆಲ್ಲಗೆ ಕೇಳಿದರು: “ನಿಮ್ಮಮ್ಮ ಎಂಟು ಗಂಟೆ ನಿಂತೇ ಇರ್ತಾರಾ?”

“ಊಟಕ್ಕೆ ಬಿಟ್ರೆ, ನಿಂತೇ.”

“ನಾನು ನಗಬಾರದಿತ್ತು ಐಸಾತಾ.”

“ಎಲ್ಲರ ಎದುರಿಗೆ ನಕ್ಕಿರಿ ಸರ್. ಇದನ್ನೂ ಎಲ್ಲರ ಎದುರಿಗೇ ಹೇಳಿ.”

ಅವರು ಹೇಳಿದರು. ಮಕ್ಕಳು ಬಂದು ಕೂತ ಮೇಲೆ, “ಐಸಾತಾಳ ಅಮ್ಮ, ಮದಾಮ್ ಕಮಾರಾ ಹೇಳಿದ್ದೇ ಸರಿ. ನನ್ನ ಲೆಕ್ಕ ತಪ್ಪು, ನಕ್ಕಿದ್ದೂ ತಪ್ಪು” ಎಂದರು. ತಿಬೋ ಬಗ್ಗಿ, ಸರಿಯಾಗೇ ಇದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

ಬುಧವಾರ ಗುಮ್ಮಟದ ಕೆಳಗೆ ಐಸಾತಾ ಅಮ್ಮನಿಗೆ ಎಲ್ಲವನ್ನೂ ಹೇಳಿದಳು, ತಿಬೋ ಆಡಿದ ಮಾತೊಂದನ್ನು ಬಿಟ್ಟು.

“ಅದರಲ್ಲೇನಿದೆಯೇ, ದಿನಾ ನೋಡ್ತೀನಲ್ಲ” ಎಂದಳು ಅಮ್ಮ. ಅಷ್ಟರಲ್ಲಿ ಯಾರೋ ಬಂದು ಟಾಯ್ಲೆಟ್ ಎಲ್ಲಿ ಎಂದು ಕೇಳಿದರು. ಅಮ್ಮ ನಗುತ್ತಲೇ ಕೈ ತೋರಿಸಿದಳು.

ಐಸಾತಾ ಕಂಬದ ಬುಡದಲ್ಲಿ ಕೂತು ನೋಡಿದಳು. ಗುಂಡು ಬಂತು, ಹೋಯಿತು, ಬಂತು. ಅದರ ದಾರಿ ತಿರುಗುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ತಿರುಗುವುದು ಈ ನೆಲ, ಈ ಕಂಬ, ಕಂಬದ ಪಕ್ಕದಲ್ಲಿ ನಿಂತ ಅಮ್ಮ. ಇಷ್ಟು ದಿನ ಅಮ್ಮ ನಿಂತಲ್ಲೇ ನಿಂತಿರುತ್ತಾಳೆ ಎಂದುಕೊಂಡಿದ್ದಳಲ್ಲ!

“ಯಾಕೇ, ಕೂರೋಕೆ ಬೇಜಾರಾ?” ಎಂದಳು ಅಮ್ಮ.

“ಇಲ್ಲ” ಎಂದು ಐಸಾತಾ ಎದ್ದು ಬಂದು ಅಮ್ಮನ ಪಕ್ಕದಲ್ಲಿ ನಿಂತಳು. ಆರು ಗಂಟೆಗೆ ಇನ್ನೂ ಬಹಳ ಹೊತ್ತಿತ್ತು.