ಎಡಗೈ ಇಲ್ಲದವನ ಎಡ ಹೆಬ್ಬೆಟ್ಟು

ಆ ಬಂಡೆ ತಾನಾಗಿ ಉರುಳಲಿಲ್ಲ!

ಉರುಳಿಸಿದ್ದರು. ನನ್ನ ಬೈಕಿನ ಮುಂದಿನ ಚಕ್ರಕ್ಕೂ ಅದಕ್ಕೂ ಎರಡು ಗೇಣು ಅಂತರ, ಅಷ್ಟೇ. ರಸ್ತೆಯ ಅಂಚನ್ನು ಕಿತ್ತುಕೊಂಡು ಕೆಳಗಿನ ನದಿಗೆ ಹೋಯಿತು. ಬಿದ್ದ ಸದ್ದು ಕೇಳಲು ಬಹಳ ಹೊತ್ತು ಹಿಡಿಯಿತು.

ತಲೆ ಎತ್ತಿದೆ. ಗುಡ್ಡದ ಮೇಲೆ ಕೆಂಪು ಹೆಲ್ಮೆಟ್ಟೊಂದು ಇಣುಕಿ ಮರೆಯಾಯಿತು. ಈ ಕಣಿವೆಯಲ್ಲಿ ಕೆಂಪು ಹೆಲ್ಮೆಟ್ ಹಾಕುವವರು ಹಿಕ್ಮತ್ ಖಡ್ಕಾನ ಕಲ್ಲು ಕ್ವಾರಿಯ ಆಳುಗಳು ಮಾತ್ರ.

ನಾನು ಮೇಲೆ ಹೋಗುತ್ತಿರುವುದು ಅವರಿಗೆ ಹೇಗೆ ಗೊತ್ತಾಯಿತು? ನಾನು ಹೇಳಿದ್ದು ಒಬ್ಬರಿಗೇ...

ಇರಿ, ಮೊದಲಿನಿಂದ ಹೇಳುತ್ತೇನೆ.

ನಾನು ಪದಮ್ ಗುರುಂಗ್. ಹದಿನೇಳು ವರ್ಷ ಗೂರ್ಖಾ ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದವನು. ಭೂಕಂಪವಾದ ಮೇಲೆ ಪರಿಹಾರ ಸಂಸ್ಥೆಯೊಂದರ ಕೋಆರ್ಡಿನೇಟರ್. ಹೆಸರು ಉದ್ದ, ಕೆಲಸ ಸಣ್ಣದು. ಲಾರಿ ತರಿಸಬೇಕು. ಸಾಮಾನನ್ನು ಊರಿನ ಸಮಿತಿಗೆ ಒಪ್ಪಿಸಬೇಕು. ಹಂಚಿದರೋ ಇಲ್ಲವೋ ನೋಡಬೇಕು.

ನೋಡಬೇಕು... ನಾನು ಎಡವಿದ್ದು ಅಲ್ಲೇ.

ಗುಡ್ಡದ ಬುಡದ ಊರು ದೋಭಾನ್ ಬಜಾರಿನ ಸಮಿತಿ ಎಂದರೆ ವಿಷ್ಣುಮಾಯಾ ದೀದಿ. ಗಂಡ ಗೋಡೆಯಡಿ ಸತ್ತ ಮೂರನೆಯ ದಿನಕ್ಕೆ ಟೊಂಕ ಕಟ್ಟಿ, ಇನ್ನೂರು ಜನಕ್ಕೆ ಅನ್ನ ದಾಲ್ ಬೇಯಿಸಲು ನಿಂತ ಹೆಂಗಸು. ಒಡಹುಟ್ಟಿದವಳಿಗಿಂತ ಹೆಚ್ಚಾಗಿ ನಾನು ಅವಳನ್ನು ನಂಬಿದ್ದೆ.

ಅವತ್ತು ಬೆಳಿಗ್ಗೆ ಅವಳು ಚಹಾ ಕೊಟ್ಟಳು. ಜೊತೆಗೆ ಪಟ್ಟಿ. ಗುಡ್ಡದ ಮೇಲಿನ ಖರ್ಕ ಎಂಬ, ತಾಮಾಂಗ್ ಜನಾಂಗದವರ ಹಟ್ಟಿಯ ಮೂವತ್ತೆಂಟು ಮನೆಗಳಿಗೆ ಟಾರ್ಪಾಲು ಮುಟ್ಟಿತು, ಅಕ್ಕಿ ಮುಟ್ಟಿತು ಎಂದು ಎಲ್ಲರ ಹೆಬ್ಬೆಟ್ಟು. ನಮ್ಮಲ್ಲಿ ಎರಡೂ ಕೈಯದ್ದು ಒತ್ತಿಸುತ್ತಾರೆ. ಬಲಕ್ಕೊಂದು ಚೌಕ, ಎಡಕ್ಕೊಂದು ಚೌಕ.

“ಬೆರಳಿಗೇನಾಯ್ತು ದೀದಿ? ನೀಲಿಯಾಗಿದೆ.”

“ಪೆನ್ನು ಸೋರ್ತು ಕಣೋ. ಸಹಿ ಹಾಕು, ಚಹಾ ಆರಿಹೋಗತ್ತೆ.”

ಹಾಕಿದೆ! ‘ಕಣ್ಣಾರೆ ನೋಡಿ ಖಚಿತಪಡಿಸಿಕೊಂಡಿದ್ದೇನೆ’ ಎಂಬ ಸಾಲಿನ ಕೆಳಗೆ. ಖರ್ಕಕ್ಕೆ ಒಮ್ಮೆಯೂ ಕಾಲಿಡದೆ! ಆಮೇಲೆ ಸುಮ್ಮನೆ ಹಾಳೆ ತಿರುವಿದಾಗ ಇಪ್ಪತ್ತೊಂದನೆಯ ಹೆಸರು ಕಣ್ಣಿಗೆ ಬಿತ್ತು.

ಸಿಂಗ್‌ಬೀರ್ ತಾಮಾಂಗ್. ಬಲ ಹೆಬ್ಬೆಟ್ಟು. ಎಡ ಹೆಬ್ಬೆಟ್ಟು.

ಹಿಂದೆ ನನ್ನ ಪಲ್ಟನ್ನಿನಲ್ಲೇ ಇದ್ದವನು. ಅವನ ಎಡಗೈ ಹತ್ತು ವರ್ಷದ ಹಿಂದೆಯೇ ಕ್ವಾರಿಯ ಸಿಡಿಮದ್ದಿಗೆ ಹೋಗಿತ್ತು, ಮೊಣಕೈವರೆಗೆ!

ಚಹಾದ ಲೋಟ ಕೆಳಗಿಟ್ಟೆ. ಎರಡು ಗಂಟೆಗೆ ಜಿಲ್ಲಾಧಿಕಾರಿಯ ಸಭೆ. ಈ ಪಟ್ಟಿ ಪಾಸಾದರೆ ಖರ್ಕದ ಹೆಸರಿನ ಮುಂದೆ ‘ಮುಗಿದಿದೆ’ ಎಂಬ ಮೊಹರು. ಸೂರಿನ ತಗಡು ಹೊತ್ತ ಕೊನೆಯ ಲಾರಿ ಪಕ್ಕದ ಜಿಲ್ಲೆಗೆ ಹೊರಟುಹೋಗುತ್ತದೆ. ಮಳೆಗಾಲಕ್ಕೆ ಇನ್ನು ನಾಲ್ಕೇ ದಿನ.

“ದೀದಿ, ಖರ್ಕಕ್ಕೆ ಹೋಗಿಬರ್ತೀನಿ.”

“ಈಗ್ಯಾಕೋ? ದಾರಿ ಸರಿಯಿಲ್ಲ.”

ದಾರಿ ಸರಿಯಿಲ್ಲ ಎನ್ನುವುದು ಬಂಡೆ ಬಂದಾಗ ಅರ್ಥವಾಯಿತು.

ಖರ್ಕದಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಮನೆಗಳಿದ್ದ ಕಡೆ ಕಲ್ಲಿನ ಗುಡ್ಡೆಗಳು. ಹುಲ್ಲಿನ ಚಾಪೆಗಳಡಿ ಜನ ಕೂತಿದ್ದರು. ಮೂರು ಹಸುಗೂಸುಗಳು ಕೆಮ್ಮುತ್ತಿದ್ದವು. ನಾಲ್ಕನೆಯದನ್ನು ಹಿಂದಿನ ದಿನ ಮಣ್ಣು ಮಾಡಿದ್ದರು.

“ಬಾರೋ ಹವಾಲ್ದಾರ್!” ಸಿಂಗ್‌ಬೀರ್ ಎದ್ದುನಿಂತ. “ನಮಗೆ ಪರಿಹಾರ ಬಂದಿದೆ ಅಂತ ರೇಡಿಯೋ ಹೇಳ್ತು. ದಾರಿ ತಪ್ಪಿ ಎಲ್ಲಿಗೆ ಹೋಯ್ತೋ?”

“ಒಂದು ಟಾರ್ಪಾಲೂ ಬರಲಿಲ್ವಾ?”

“ಬಂದವನು ಹಿಕ್ಮತ್ ಒಬ್ಬನೇ. ಗುಡ್ಡ ಖಾಲಿ ಮಾಡಿ, ನನಗೆ ಕಲ್ಲು ಬೇಕು ಅಂದ. ಆಗಲ್ಲ ಅಂದ್ವಿ. ಮಳೆ ಬಂದ್ರೆ ನೀವಾಗೇ ಇಳೀತೀರಿ ಅಂತ ನಕ್ಕ.”

“ನೀನು ಹೆಬ್ಬೆಟ್ಟು ಒತ್ತಿದೀಯಾ?”

“ಯಾವ ಕೈದು?”

ನಾನು ಬೈಕ್ ತಿರುಗಿಸಿದೆ.

“ಬೈಕ್ ಹತ್ತು!”

“ಹಿಡ್ಕೊಳ್ಳೋಕೆ ಇರೋದು ಒಂದೇ ಕೈ ಮಾರಾಯ.”

“ಅದರಲ್ಲೇ ಗಟ್ಟಿಯಾಗಿ ಹಿಡ್ಕೋ!”

ಮೂರನೆಯ ತಿರುವಿನಲ್ಲಿ ಜೀಪು ಅಡ್ಡ ನಿಂತಿತ್ತು. ಬಾನೆಟ್ಟಿಗೆ ಒರಗಿ ಹಿಕ್ಮತ್. ಅಕ್ಕಪಕ್ಕ ನಾಲ್ಕು ಕೆಂಪು ಹೆಲ್ಮೆಟ್, ಕೈಯಲ್ಲಿ ಹಾರೆ.

“ಎಲ್ಲಿಗೆ ಇಷ್ಟು ಅವಸರ, ಪದಮ್ ಸಾಹೇಬ್ರೆ?”

“ಸಭೆಗೆ.”

“ಪಟ್ಟಿ ಮೇಲೆ ನಿಮ್ಮ ಸಹಿ ಇದೆ. ಈ ಮೊಂಡುಗೈಯವನನ್ನ ಅಲ್ಲಿ ನಿಲ್ಲಿಸಿದ್ರೆ ಮೊದಲು ಜೈಲಿಗೆ ಹೋಗೋರು ನೀವೇ. ವಾಪಸ್ ಬಿಟ್ಟುಬನ್ನಿ... ಎಲ್ಲರೂ ಸುಖವಾಗಿರೋಣ.”

ನಿಜ ಹೇಳುತ್ತೇನೆ. ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ಹೆಂಡತಿಯ ಮುಖ ಕಣ್ಣೆದುರು ಬಂತು. ಬೆನ್ನ ಹಿಂದೆ ಸಿಂಗ್‌ಬೀರ್ ನನ್ನ ಬೆಲ್ಟನ್ನು ಸ್ವಲ್ಪ ಬಿಗಿಯಾಗಿ ಹಿಡಿದ, ಅಷ್ಟೇ.

ಆಗ ನೆಲ ಗುಡುಗಿತು!

ಮತ್ತೆ ಭೂಕಂಪ! ಹಾರೆ ಬಿಸಾಡಿ ಎಲ್ಲರೂ ಕುಕ್ಕರುಗಾಲಲ್ಲಿ ಕೂತರು. ಹಿಕ್ಮತ್ ಜೀಪಿನಡಿ ತೂರಿದ. ನನಗೂ ಜೀವ ಬಾಯಿಗೆ ಬಂದಿತ್ತು, ಆದರೆ ಕ್ಲಚ್ ಬಿಟ್ಟೆ. ರಸ್ತೆ ಬಿಟ್ಟು ಮುಸುಕಿನ ಜೋಳದ ಮೆಟ್ಟಿಲು ಹೊಲಗಳಿಗೆ ಬೈಕ್ ನುಗ್ಗಿಸಿದೆ. ಒಂದೊಂದು ಮೆಟ್ಟಿಲಿಗೂ ಬೆನ್ನುಮೂಳೆ ಲಟಕ್ ಎನ್ನುತ್ತಿತ್ತು. ಹಿಂದೆ ಜೀಪು ಕಿರುಚಿತು, ಕಲ್ಲುಗಳು ಬಿದ್ದವು. ಜೀಪು ರಸ್ತೆಯಲ್ಲೇ ಸುತ್ತಿ ಬರಬೇಕು. ನಾವು ನೇರ ಕೆಳಗೆ!

“ಹವಾಲ್ದಾರ್!”

“ಏನೋ?”

“ಇನ್ನೊಂದು ಕೈಯೂ ಹೋಗತ್ತೆ ಕಣೋ!”

ಸಭೆಯ ಟೆಂಟಿಗೆ ನುಗ್ಗಿದಾಗ ಗಂಟೆ ಎರಡೂ ಹತ್ತು. ಜಿಲ್ಲಾಧಿಕಾರಿ ಮೊಹರನ್ನು ಇಂಕಿಗೆ ಒತ್ತುತ್ತಿದ್ದರು. ಪಕ್ಕದಲ್ಲಿ ದೀದಿ. ನನ್ನನ್ನು ಕಂಡು ಅವಳ ಮುಖ ಬಿಳಿಚಿತು.

“ಸಾಬ್, ಇಪ್ಪತ್ತೊಂದನೇ ಹೆಸರು ಓದಿ!”

“ಯಾರಿವರು... ಸಿಂಗ್‌ಬೀರ್ ತಾಮಾಂಗ್?”

“ಹಾಜರ್ ಸಾಬ್!” ಸಿಂಗ್‌ಬೀರ್ ಬಲಗೈಯಲ್ಲಿ ಸಲ್ಯೂಟ್ ಹೊಡೆದ. ಎಡ ತೋಳಿನ ಅಂಗಿ ಗಾಳಿಗೆ ಸುಮ್ಮನೆ ಅಲ್ಲಾಡಿತು.

ಅಧಿಕಾರಿ ಹಾಳೆ ನೋಡಿದರು. ಅಂಗಿ ನೋಡಿದರು. ಮತ್ತೆ ಹಾಳೆ ನೋಡಿದರು.

“ಹಾಗಾದ್ರೆ ಇದು ಯಾರ ಹೆಬ್ಬೆಟ್ಟು?”

ನಾನು ಬಗ್ಗಿ ನೋಡಿದೆ. ಮೂವತ್ತೆಂಟು ಬಲ ಹೆಬ್ಬೆಟ್ಟುಗಳಲ್ಲೂ ಅಡ್ಡಕ್ಕೆ ಒಂದೇ ತೆಳು ಬಿಳಿ ಗೆರೆ. ಕುಡುಗೋಲಿನ ಹಳೆಯ ಗಾಯದ್ದಿರಬೇಕು. ದೀದಿ ಮುಷ್ಟಿ ಬಿಗಿದಿದ್ದಳು.

“ಕೈ ತೋರ್ಸು ದೀದಿ.”

ತೋರಿಸಿದಳು. ಗೆರೆಯೂ ಇತ್ತು, ನೀಲಿಯೂ ಇತ್ತು.

“ಟಾರ್ಪಾಲು, ಅಕ್ಕಿ ಎಲ್ಲಾ ಸೇರಿ ಬಂದಿದ್ದು ಒಂದೇ ಲಾರಿ ತಮ್ಮಾ. ಬಜಾರಿನ ಹೆಂಗಸರು ನನ್ನ ಬಾಗಿಲಲ್ಲಿ ಅಳ್ತಾ ಕೂತಿದ್ರು. ಅವರಿಗೇ ಕೊಟ್ಟೆ. ಮೇಲಿನವರು ಕಣ್ಣಿಗೆ ಕಾಣ್ತಿರ್ಲಿಲ್ಲ. ಅವರಿಗೆ ಕೆಳಗೆ ಜಾಗ ಕೊಡ್ತೀನಿ ಅಂತ ಹಿಕ್ಮತ್ ಅಂದ... ನಂಬಿದೆ.”

“ಆ ಬಂಡೆ?”

“ಬಂಡೆನಾ?” ಅವಳು ತಟ್ಟನೆ ತಲೆ ಎತ್ತಿದಳು. “ನೀನು ಹೊರಟೆ ಅಂತ ಅವನಿಗೆ ಫೋನ್ ಮಾಡಿದ್ದು ನಿಜ. ತಡೆದು ವಾಪಸ್ ಕಳಿಸ್ತಾನೆ ಅಂದ್ಕೊಂಡೆ ಕಣೋ!”

ಅಳುತ್ತಿದ್ದಳು. ಬಯ್ಯಲು ನನಗೆಲ್ಲಿ ಮುಖವಿತ್ತು? ಮೇಲಿನವರು ನನ್ನ ಕಣ್ಣಿಗೂ ಕಂಡಿರಲಿಲ್ಲವಲ್ಲ.

ಮೂರು ಗಂಟೆಗೆ ತಗಡಿನ ಲಾರಿ ಖರ್ಕದ ದಾರಿ ಹಿಡಿಯಿತು. ಮುಂದೆ ಪೊಲೀಸ್ ಜೀಪು. ಲಾರಿಯಲ್ಲಿ ಡ್ರೈವರ್ ಪಕ್ಕ ಸಿಂಗ್‌ಬೀರ್, ದಾರಿ ತೋರಿಸಲು. ಹಿಕ್ಮತ್‌ನನ್ನು ಅರ್ಧ ದಾರಿಯಲ್ಲೇ ಹಿಡಿದು ತಂದರು.

ಆಮೇಲೆ ನನ್ನ ಸರದಿ. ಇನ್ಸ್‌ಪೆಕ್ಟರ್ ನನ್ನ ಹೇಳಿಕೆಯನ್ನು ಬರೆದು ಮುಗಿಸಿ ಹಾಳೆಯನ್ನು ಮುಂದೆ ತಳ್ಳಿದ.

“ಸಹಿ ಬರತ್ತಾ? ಇಲ್ಲಾ ಹೆಬ್ಬೆಟ್ಟಾ?”

ನಾನು ಇಂಕ್ ಪ್ಯಾಡನ್ನು ಹತ್ತಿರ ಎಳೆದುಕೊಂಡೆ.

“ಹೆಬ್ಬೆಟ್ಟೇ ಇರಲಿ ಸಾಬ್... ನನ್ನ ಸಹಿಯ ಯೋಗ್ಯತೆ ನೋಡಿದ್ರಲ್ಲ!”